ದಂಡಿನ ಸಾಮಾನ್ಯ ಸೋಲ್ಜರ್‌ನ ಹುಡುಕೋದು ಹೇಗೆ? ಬೆಂಗಳೂರು ಕಂಟೋನ್ಮೆಂಟ್ ಹಿಡ್ಕೊಂಡು ಒಂದು ಮಾರ್ಗದರ್ಶಿ

ಬೆಂಗಳೂರು ದಂಡು ಅಂದ ತಕ್ಷಣ ಎಲ್ರ ಬಾಯಲ್ಲೂ ಬರೋದು ಒಂದೇ ಕತೆ, ಚರ್ಚಿಲ್ ಇಲ್ಲಿದ್ದ, ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ. ಇದ್ದ ಬಿಡಿ, 1896ರಲ್ಲಿ 4ನೇ ಹುಸಾರ್ಸ್ ಅನ್ನೋ ಕುದುರೆ ರೆಜಿಮೆಂಟ್ ಜೊತೆ ಬಂದ, ಬಂಗಲೆ ಇತ್ತು, ಆಳುಕಾಳು ಇದ್ರು, ಸಂಜೆ ಆದ್ರೆ ಪೋಲೋ. ಆದ್ರೆ ಅದೇ ರೆಜಿಮೆಂಟಲ್ಲಿ ಕುದುರೆ ಮೈ ಉಜ್ಜುತಾ, ಬೂಟಿಗೆ ಪಾಲಿಶ್ ಹಾಕ್ತಾ ಇದ್ದ ನೂರಾರು ಜನ ಗೋರಾಗಳು, ಅಂದ್ರೆ ಸಾಮಾನ್ಯ ಬ್ರಿಟಿಷ್ ಸೋಲ್ಜರ್‌ಗಳು, ಆ ಕ್ಲಬ್ಬಿನ ಗೇಟೊಳಗೆ ಮೆಂಬರ್ ಆಗಿ ಕಾಲಿಡೋ ಹಾಗೇ ಇರ್ಲಿಲ್ಲ. ಅವರು ಏನು ತಿಂತಿದ್ರು, ಎಲ್ಲಿ ಮಲಗ್ತಿದ್ರು, ಯಾಕೆ ಅಷ್ಟು ಕುಡೀತಿದ್ರು, ಯಾಕೆ ಇಪ್ಪತ್ತೈದನೇ ವಯಸ್ಸಿಗೆಲ್ಲ ಸಾಯ್ತಿದ್ರು ಅಂತ ಕೇಳಿದ್ರೆ ಯಾರ ಹತ್ರಾನೂ ಉತ್ತರ ಇರಲ್ಲ. ಕತೆ ಬರೆಯೋರು, ಸ್ಕೂಲ್ ಪ್ರಾಜೆಕ್ಟ್ ಮಾಡೋರು, ಸುಮ್ನೆ ಭಾನುವಾರ ಊರು ಸುತ್ತೋರು, ಎಲ್ರಿಗೂ ಉಪಯೋಗ ಆಗ್ಲಿ ಅಂತ ನಾನು ಮಾಡ್ಕೊಂಡ ದಾರೀನ ಇಲ್ಲಿ ಹಾಕ್ತಿದೀನಿ.

ಮೊದಲನೇ ಹೆಜ್ಜೆ: ಒಂದು ವರ್ಷ ಹಿಡ್ಕೊಳ್ಳಿ

"ಬ್ರಿಟಿಷರ ಕಾಲ" ಅಂತ ಒಂದೇ ಕಾಲ ಇಲ್ಲ, ಇದು ಎಲ್ರೂ ಮಾಡೋ ಮೊದಲ ತಪ್ಪು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಪಡೆ ಇದ್ದಿದ್ದು ಶ್ರೀರಂಗಪಟ್ಟಣದಲ್ಲಿ, ಅಲ್ಲಿನ ಜ್ವರ ತಡ್ಕೊಳ್ಳಕ್ಕಾಗದೆ 1809ರಲ್ಲಿ ಹಲಸೂರು ಕಡೆಗೆ ಎತ್ತಂಗಡಿ ಆಯ್ತು. ಅಲ್ಲಿಂದ 1947ರವರೆಗೆ ಸುಮಾರು 140 ವರ್ಷ. 1820ರ ಸೋಲ್ಜರ್‌ಗೂ 1920ರ ಸೋಲ್ಜರ್‌ಗೂ ಅಜ್ಜ ಮೊಮ್ಮಗನಿಗಿಂತ ಜಾಸ್ತಿ ದೂರ ಇದೆ.

ನಾನು ಹೀಗೆ ಭಾಗ ಮಾಡ್ಕೊಂಡಿದೀನಿ. 1847ಕ್ಕೆ ಮುಂಚೆ ಸೈನ್ಯ ಸೇರಿದೋನು ಹೆಚ್ಚುಕಮ್ಮಿ ಜೀವನಪೂರ್ತಿ ಸೇರಿದ ಹಾಗೆ, ಹಡಗು ಹತ್ತಿದ್ರೆ ಆಫ್ರಿಕಾ ಸುತ್ತಿಕೊಂಡು ಬರೋಕೇ ನಾಲ್ಕೈದು ತಿಂಗಳು, ಅಮ್ಮನ ಮುಖ ಮತ್ತೆ ನೋಡೋದು ಡೌಟು. 1864ರ ಆಗಸ್ಟ್ 1ಕ್ಕೆ ಜೋಲಾರಪೇಟೆಯಿಂದ ದಂಡಿಗೆ ರೈಲು ಬಂತು, 1869ಕ್ಕೆ ಸೂಯೆಜ್ ಕಾಲುವೆ ತೆರೀತು, 1870ಕ್ಕೆ ಕಾರ್ಡ್‌ವೆಲ್ ಅನ್ನೋ ಮಂತ್ರಿ ಶಾರ್ಟ್ ಸರ್ವಿಸ್ ಕಾಯ್ದೆ ತಂದ, ಆರು ವರ್ಷ ಪಡೇಲಿ ಇನ್ನಾರು ವರ್ಷ ರಿಸರ್ವಲ್ಲಿ. ಅಂದ್ರೆ 1875ರಲ್ಲಿ ಬ್ಯಾರಕ್ ತುಂಬ ಹುಡುಗ್ರು, ವಾಪಸ್ ಹೋಗೋ ದಿನ ಎಣಿಸ್ತಾ ಕೂತೋರು. 1830ರಲ್ಲಿ ಅದೇ ಜಾಗದಲ್ಲಿ ಇದ್ದಿದ್ದು ಎಣಿಸೋಕೆ ದಿನಾನೇ ಇಲ್ಲದ ಜನ. ನೀವು ಯಾರ ಬಗ್ಗೆ ಬರೀತೀರಿ ಅಂತ ಮೊದಲೇ ಡಿಸೈಡ್ ಮಾಡಿ.

ಎರಡು: ಇವನಿಗೆ ಸಂಬಳ ಕೊಡ್ತಿದ್ದಿದ್ದು ಯಾರು?

1850ರ ದಶಕದವರೆಗೆ ಇಲ್ಲಿ ಎರಡು ಥರದ ಬಿಳಿ ಸೋಲ್ಜರ್ ಇದ್ರು. ಒಬ್ಬ ಇಂಗ್ಲೆಂಡಿನ ರಾಜ ಅಥವಾ ರಾಣಿಯ ರೆಜಿಮೆಂಟಿನೋನು, ಕೆಲವು ವರ್ಷ ಇಲ್ಲಿದ್ದು ರೆಜಿಮೆಂಟ್ ಜೊತೆ ಬೇರೆ ಕಡೆ ಹೋಗೋನು. ಇನ್ನೊಬ್ಬ ಈಸ್ಟ್ ಇಂಡಿಯಾ ಕಂಪನಿಯ ಯುರೋಪಿಯನ್ ಪಡೆಯೋನು, ಇಲ್ಲೇ ಬೇರು ಬಿಟ್ಟೋನು. 1858ರಲ್ಲಿ ಆಡಳಿತ ರಾಣಿ ಕೈಗೆ ಹೋದ್ಮೇಲೆ ಕಂಪನಿ ಪಡೆಗಳನ್ನ ರಾಣಿ ಸೈನ್ಯಕ್ಕೆ ಸೇರಿಸಿದ್ರು, ನಮ್ಮನ್ನ ಕೇಳ್ದೆ ಹೆಂಗೆ ಟ್ರಾನ್ಸ್‌ಫರ್ ಮಾಡ್ತೀರ ಅಂತ ಈ ಗೋರಾಗಳೇ ಗಲಾಟೆ ಎಬ್ಬಿಸಿದ್ರು, ಅದನ್ನ ಇತಿಹಾಸದವರು ಬಿಳಿ ದಂಗೆ ಅಂತಾರೆ.

ಇದ್ಯಾಕೆ ಮುಖ್ಯ ಅಂದ್ರೆ ದಾಖಲೆಗಳು ಇರೋದೂ ಎರಡು ಕಡೆ, ಅದಕ್ಕೆ ಕೊನೇಲಿ ಬರ್ತೀನಿ. ಇನ್ನೊಂದು, ಭಾರತೀಯ ಸಿಪಾಯಿ ಜೊತೆ ಇವನನ್ನ ಕಲಸ್ಬೇಡಿ. ಸಿಪಾಯಿ ಇದ್ದಿದ್ದು "ಲೈನ್ಸ್"ನಲ್ಲಿ, ತನ್ನ ಗುಡಿಸಲು ತಾನೇ ಕಟ್ಕೊಂಡು ಹೆಂಡ್ತಿ ಮಕ್ಕಳ ಜೊತೆ. ಗೋರಾ ಇದ್ದಿದ್ದು "ಬ್ಯಾರಕ್"ನಲ್ಲಿ, ಉದ್ದ ಹಾಲು, ಸಾಲಾಗಿ ಮಂಚ. ಹಳೇ ಮ್ಯಾಪಲ್ಲಿ ಈ ಎರಡು ಪದ ನೋಡಿದ್ರೆ ಯಾರ್ಯಾರು ಎಲ್ಲೆಲ್ಲಿದ್ರು ಅಂತ ಅಲ್ಲೇ ಗೊತ್ತಾಗ್ಬಿಡುತ್ತೆ.

ಮೂರು: ನಡೀರಿ

ಬೆಳಿಗ್ಗೆ ಬೇಗ, ಟ್ರಾಫಿಕ್ ಶುರು ಆಗೋಕೆ ಮುಂಚೆ. ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಹತ್ರ ಶುರು ಮಾಡಿ ಎಂಜಿ ರೋಡ್ ಹಿಡಿದು ಟ್ರಿನಿಟಿ ಸರ್ಕಲ್ ತನಕ, ಸುಮಾರು 2 ಕಿಲೋಮೀಟರ್. ಎಂಜಿ ರೋಡಿನ ಹಳೇ ಹೆಸರು ಸೌತ್ ಪರೇಡ್, ಯಾಕಂದ್ರೆ ಅದು ಪರೇಡ್ ಗ್ರೌಂಡಿನ ದಕ್ಷಿಣದ ಅಂಚು, ಅಷ್ಟೇ. ಇವತ್ತಿನ ಮಾಣೆಕ್ ಶಾ ಪರೇಡ್ ಗ್ರೌಂಡ್ ಅದೇ ಮೈದಾನ. ಮೆಟ್ರೋ ಸ್ಟೇಷನ್ ಮೇಲೆ ನಿಂತು ಆ ಕಡೆ ನೋಡಿ, ಊರಿನ ಮಧ್ಯ ಇಷ್ಟು ದೊಡ್ಡ ಖಾಲಿ ಜಾಗ ಯಾಕಿದೆ ಅನ್ನೋದಕ್ಕೆ ಉತ್ತರ ಅದೇ, ಇಡೀ ದಂಡು ಆ ಕವಾಯತು ಮೈದಾನದ ಸುತ್ತ ಬೆಳೀತು.

ನಡೀತಾ ರಸ್ತೆ ಹೆಸರು ಗಮನಿಸಿ. ಕಬ್ಬನ್ ಅಂತ ಒಬ್ಬ ದೊಡ್ಡ ಆಫೀಸರ್‌ಗೆ ರಸ್ತೆ ಇದೆ, ಪಾರ್ಕೂ ಇದೆ. ಸಾಮಾನ್ಯ ಸೋಲ್ಜರ್ ಹೆಸರಲ್ಲಿ ಒಂದು ಗಲ್ಲಿನೂ ಇಲ್ಲ. ಅವನು ಇರೋದು ಗುಂಪಾಗಿ: ಇನ್‌ಫೆಂಟ್ರಿ ರೋಡ್, ಬ್ರಿಗೇಡ್ ರೋಡ್, ಆರ್ಟಿಲರಿ ರೋಡ್, ಕಾಮರಾಜ ರಸ್ತೆ ಆಗೋಕೆ ಮುಂಚೆ ಇದ್ದ ಕ್ಯಾವಲ್ರಿ ರೋಡ್, ಗೌತಮಪುರಕ್ಕೆ ಹಳಬರು ಈಗ್ಲೂ ಅನ್ನೋ ಗನ್‌ಟ್ರೂಪ್ಸ್. ಅಷ್ಟ್ಯಾಕೆ ನಾವು "ಅವನೂ ಅವನ ಪಟಾಲಮ್ಮೂ" ಅಂತೀವಲ್ಲ, ಆ ಪಟಾಲಂ ಬಂದಿದ್ದೂ ಬೆಟಾಲಿಯನ್‌ನಿಂದಾನೆ.

ಸೇಂಟ್ ಮಾರ್ಕ್ಸ್ ನೋಡುವಾಗ ಒಂದು ಎಚ್ಚರಿಕೆ, ಮೂಲ ಚರ್ಚು 1812ರ ಹೊತ್ತಿಗೆ ಎದ್ದಿದ್ದು, ಆದ್ರೆ 1923ರಲ್ಲಿ ಬೆಂಕಿ ಬಿದ್ದು ಮತ್ತೆ ಕಟ್ಟಿದ್ದಾರೆ, ಆದ್ದರಿಂದ 1820ರ ಸೋಲ್ಜರ್ ಇದೇ ಗೋಡೆಗೆ ಒರಗಿ ನಿಂತಿದ್ದ ಅಂತೆಲ್ಲ ಬರೀಬೇಡಿ. ಟ್ರಿನಿಟಿ ಸರ್ಕಲ್ಲಿನ ಹೋಲಿ ಟ್ರಿನಿಟಿ ಚರ್ಚ್ 1851ರದ್ದು, ಪಡೆಯವರಿಗೆ ಅಂತಾನೇ ಕಟ್ಟಿದ್ದು. ಭಾನುವಾರದ ಚರ್ಚ್ ಪರೇಡ್ ಅಂದ್ರೆ ಭಕ್ತಿ ಅಲ್ಲ, ಡ್ಯೂಟಿ, ಹೋಗಲ್ಲ ಅನ್ನೋ ಹಾಗಿಲ್ಲ. 1857ರ ಮೇ 10ರ ಭಾನುವಾರ ಮೀರತ್‌ನಲ್ಲಿ ಚರ್ಚ್ ಹೊತ್ತಿಗೇ ದಂಗೆ ಶುರುವಾದ ಮೇಲಂತೂ ಗೋರಾಗಳು ಬಂದೂಕು ಗುಂಡು ಸಮೇತ ಪ್ರಾರ್ಥನೆಗೆ ಹೋಗೋ ರೂಢಿ ಬಂತು. ಒಳಗೆ ಬಿಡ್ತಾರಾ ಅಂತ ವಿನಯವಾಗಿ ಕೇಳಿ, ಗೋಡೆ ಮೇಲಿನ ಫಲಕಗಳನ್ನ ನಿಧಾನಕ್ಕೆ ಓದಿ, ಯಾರಿಗೆ ಪೂರ್ತಿ ಹೆಸರು ಸಿಕ್ಕಿದೆ ಯಾರಿಗೆ ಬರೀ ಲೆಕ್ಕ ಸಿಕ್ಕಿದೆ ನೋಡಿ.

ಇನ್ನೊಂದು ಮಾತು, ಇಲ್ಲಿ ಸುತ್ತಮುತ್ತ ಬಹಳ ಜಾಗ ಈಗ್ಲೂ ಮಿಲಿಟರಿದೇ. ಹಳೇ ಕಟ್ಟಡ ಚೆನ್ನಾಗಿದೆ ಅಂತ ಮೊಬೈಲ್ ಎತ್ತಿ ನಾನು ಒಂದ್ಸಲ ಸರಿಯಾಗಿ ಬೈಸ್ಕೊಂಡಿದೀನಿ, ಫೋಟೋ ಡಿಲೀಟ್ ಮಾಡಿ ಸಾರಿ ಕೇಳಿ ಬಂದೆ. ಗೇಟು, ಕಾವಲು, ಬೋರ್ಡು ಕಂಡ್ರೆ ಫೋನ್ ಜೇಬಲ್ಲಿ.

ನಾಲ್ಕು: ಅವನ ದಿನಾನ ಗಂಟೆ ಗಂಟೆಯಾಗಿ ಬರ್ಕೊಳ್ಳಿ

ಒಂದು ಹಾಳೆ ತಗೊಂಡು ಬೆಳಿಗ್ಗೆ ಐದರಿಂದ ರಾತ್ರಿ ಹತ್ತರ ತನಕ ಗೀಟು ಹಾಕಿ ತುಂಬಿಸ್ತಾ ಬನ್ನಿ, ಇದೇ ಇಡೀ ಕೆಲಸದಲ್ಲಿ ಮಜಾ ಇರೋದು.

ಸೂರ್ಯ ಹುಟ್ಟೋ ಮೊದಲೇ ತುತ್ತೂರಿ. ಬ್ಯಾರಕ್ಕಿಗೇ ಚಾ ತರೋನು ಬರ್ತಾನೆ, ಹಜಾಮ ಬರ್ತಾನೆ, ಎಷ್ಟೋ ಕಡೆ ಸೋಲ್ಜರ್ ಇನ್ನೂ ಮಲಗಿರುವಾಗ್ಲೇ ಹಜಾಮ ಮೆತ್ತಗೆ ಗಡ್ಡ ಹೆರೆದು ಹೋಗ್ತಿದ್ದ, ಅವನಿಗೆ ಗೊತ್ತೇ ಆಗ್ತಿರ್ಲಿಲ್ಲ. ಬಿಸಿಲೇರೋ ಮುಂಚೆ ಪರೇಡು. ಎಂಟು ಗಂಟೆ ಸುಮಾರಿಗೆ ತಿಂಡಿ. ಆಮೇಲೆ? ಆಮೇಲೆ ಏನೂ ಇಲ್ಲ. ಬಿಸಿಲಿಗೆ ಬಿಳಿಯ ಸಾಯ್ತಾನೆ ಅಂತ ಬಯಲುಸೀಮೆ ದಂಡುಗಳಲ್ಲಿ ಬೇಸಿಗೆ ಹಗಲು ಪೂರ್ತಿ ಬ್ಯಾರಕ್ಕಿನಿಂದ ಆಚೆ ಬಿಡ್ತಾನೇ ಇರ್ಲಿಲ್ಲ. ಬೆಂಗಳೂರು ಹವಾ ತಂಪು, ಇಲ್ಲಿನೋರು ಅದೃಷ್ಟವಂತರು, ಬಳ್ಳಾರಿಗೆ ಪೋಸ್ಟಿಂಗ್ ಆದೋನ ಕತೆ ಯೋಚ್ನೆ ಮಾಡಿ. ಕಸ ಗುಡಿಸೋಕೆ ಒಬ್ಬ, ನೀರು ಹೊರೋಕೆ ಭಿಸ್ತಿ, ಬಟ್ಟೆಗೆ ಧೋಬಿ, ಅಡುಗೆಗೆ ಬಾವರ್ಚಿ, ರಾತ್ರಿ ಪಂಖ ಎಳೆಯೋಕೆ ಇನ್ನೊಬ್ಬ, ಹಿಂಗಾಗಿ ಊರಲ್ಲಿ ಒಪ್ಪೊತ್ತಿನ ಊಟಕ್ಕೆ ಒದ್ದಾಡ್ತಿದ್ದ ಐರ್ಲೆಂಡಿನ ಕೂಲಿ ಹುಡುಗ ಇಲ್ಲಿ ಬಂದು ಮಂಚದ ಮೇಲೆ ಬಿದ್ಕೊಂಡು ಛಾವಣಿ ನೋಡ್ತಿದ್ದ. ಇಸ್ಪೀಟು, ಗಿಳಿ ಸಾಕೋದು, ನಾಯಿ ಸಾಕೋದು, ಪಕ್ಕದೋನ ಜೊತೆ ಜಗಳ. ಯುದ್ಧದ ಸೀನ್ ಬರೆಯೋಕೆ ಎಲ್ರೂ ಮುಂದೆ ಬರ್ತಾರೆ, ಆದ್ರೆ ಈ ಖಾಲಿ ಮಧ್ಯಾಹ್ನ ಬರೆಯೋಕೆ ಬಂದ್ರೆ ನಿಮಗೆ ಇವನು ಅರ್ಥ ಆದ ಅಂತ.

ಸಂಜೆ ಆಟ, ಕ್ಯಾಂಟೀನು, ಬಜಾರು. ರಾತ್ರಿ ಒಂಬತ್ತು ಒಂಬತ್ತೂವರೆಗೆ ಮತ್ತೆ ತುತ್ತೂರಿ, ಹಾಜರಿ, ದೀಪ ಆರಿಸೋದು.

ಮಾತಾಡೋ ಭಾಷೆ ಬಗ್ಗೆ: ಕನ್ನಡ ಬಾಯಿಗೆ ಹಾಕ್ಬೇಡಿ. ದಂಡಿನ ಬಜಾರಲ್ಲಿ ತಮಿಳು, ದಖನಿ ಜಾಸ್ತಿ, ಮದ್ರಾಸ್ ಪಡೆ ಜೊತೆ ಬಂದ ಜನ ಅವರು. ಸೋಲ್ಜರ್ ಕಲೀತಿದ್ದಿದ್ದು ನಾಲ್ಕು ಹರಕು ಹಿಂದೂಸ್ತಾನಿ ಪದ: ಜಲ್ದಿ, ಪಾನಿ, ದೇಖೋ, ಪಕ್ಕಾ. ವಿಲಾಯ್ತಿ ಅನ್ನೋದನ್ನ ತಿರುಚಿ ತಮ್ಮೂರಿಗೆ "ಬ್ಲೈಟಿ" ಅಂತ ಕರೆದ್ರು. ವಾಪಸ್ ಹಡಗಿಗೆ ಕಾಯ್ತಾ ದೇವಲಾಲಿ ಕ್ಯಾಂಪಲ್ಲಿ ಕೂತು ತಲೆ ಕೆಟ್ಟೋರಿಂದ "ಡೂಲ್ಯಾಲಿ" ಅಂತ ಇಂಗ್ಲಿಷಿಗೆ ಒಂದು ಪದಾನೇ ಸಿಕ್ತು.

ಐದು: ಹೊಟ್ಟೆ, ಬಾಟಲಿ, ಜೇಬು

ಪ್ರೈವೇಟ್ ಅಂದ್ರೆ ತಳಮಟ್ಟದ ಸೋಲ್ಜರ್‌ಗೆ ದಿನಕ್ಕೆ ಒಂದು ಶಿಲ್ಲಿಂಗ್, 1797ರಿಂದ ಹೆಚ್ಚುಕಮ್ಮಿ ಇಡೀ ಹತ್ತೊಂಬತ್ತನೇ ಶತಮಾನ ಅದೇ ರೇಟು. ಅದರಲ್ಲೂ ಊಟಕ್ಕೆ, ಬಟ್ಟೆಗೆ, ಒಗೆಯೋದಕ್ಕೆ ಅಂತ ಕಟ್ ಆಗಿ ಕೈಗೆ ಬರ್ತಿದ್ದಿದ್ದು ಚಿಲ್ಲರೆ. ದಿನಕ್ಕೆ ಒಂದು ಪೌಂಡ್ ಬ್ರೆಡ್ಡು, ಒಂದು ಪೌಂಡ್ ಮಾಂಸ ಅನ್ನೋದು ಲೆಕ್ಕ, ಜೊತೆಗೆ ಅಕ್ಕಿ, ಟೀ, ಸಕ್ಕರೆ, ಉಪ್ಪು. ಮಾಂಸದ ಪೌಂಡಲ್ಲಿ ಮೂಳೆನೂ ಸೇರಿತ್ತು ಅನ್ನೋದನ್ನ ಮರೀಬೇಡಿ.

ಕುಡಿತದ ವಿಷಯ ಮುಚ್ಚಿಟ್ಟು ಬರೆದ್ರೆ ಬರೆದ ಹಾಗೇ ಅಲ್ಲ. ಕಂಪನಿ ಕಾಲದಲ್ಲಿ ಅರಾಕು, ಅಂದ್ರೆ ಸಾರಾಯಿ, ರೇಷನ್ನಿನ ಭಾಗ, ಸರ್ಕಾರಾನೇ ಕುಡಿಸ್ತಿತ್ತು, ಆಮೇಲೆ ಕುಡಿದ ಅಂತ ಅದೇ ಸರ್ಕಾರ ಚಾಟಿ ಏಟು ಹೊಡೆಸ್ತಿತ್ತು. ತಮಾಷೆ ಅಂದ್ರೆ 1835ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಭಾರತೀಯ ಸಿಪಾಯಿಗಳಿಗೆ ಚಾಟಿ ಶಿಕ್ಷೆ ನಿಲ್ಲಿಸಿದ, ಗೋರಾಗೆ ಮಾತ್ರ ಮುಂದುವರೀತು, 1846ರಲ್ಲಿ 50 ಏಟಿಗೆ ಮಿತಿ ಬಂತು, ಪೂರ್ತಿ ನಿಂತಿದ್ದು 1881ಕ್ಕೆ. ಕುಡಿಯೋದು ಬಿಡಿಸೋಕೆ ಸಂಘಗಳು ಹುಟ್ಟಿದ್ವು, ರಾಬರ್ಟ್ಸ್ ದಂಡನಾಯಕ ಆಗಿದ್ದಾಗ 1888ರಲ್ಲಿ ಆರ್ಮಿ ಟೆಂಪರೆನ್ಸ್ ಅಸೋಸಿಯೇಷನ್ ಬಂತು, ಟೀ ಕಾಫಿ ಸಿಗೋ ರೂಮು, ಪೇಪರ್ರು, ಕುಡಿಯದೆ ಇದ್ರೆ ಮೆಡಲ್ಲು. ಅರಾಕಿನ ಜಾಗಕ್ಕೆ ನಿಧಾನವಾಗಿ ಬಿಯರ್ ಬಂತು. ನಮ್ಮ ಯುನೈಟೆಡ್ ಬ್ರೂವರೀಸ್, 1915ರಲ್ಲಿ ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್ಲೆಂಡಿನೋನು ದಕ್ಷಿಣದ ಸಣ್ಣ ಸಣ್ಣ ಬ್ರೂವರಿ ಕೂಡಿಸಿ ಕಟ್ಟಿದ್ದು, ಅದರ ದೊಡ್ಡ ಗಿರಾಕಿ ಇದೇ ಸೋಲ್ಜರ್‌ಗಳು.

ಆರು: ಹೆಂಗಸರನ್ನ ಬಿಟ್ಟು ಬರೀಬೇಡಿ

ಇದು ಸ್ವಲ್ಪ ಕಷ್ಟದ ಹೆಜ್ಜೆ. ಸೋಲ್ಜರ್ ಮದುವೆ ಆಗ್ಬೇಕಂದ್ರೆ ಕಮಾಂಡಿಂಗ್ ಆಫೀಸರ್ ಪರ್ಮಿಷನ್ ಬೇಕು, ನೂರಕ್ಕೆ ಹತ್ತು ಹನ್ನೆರಡು ಜನಕ್ಕೆ ಮಾತ್ರ. ಲೆಕ್ಕದಲ್ಲಿದ್ದ ಹೆಂಡ್ತಿಗೆ ಅರ್ಧ ರೇಷನ್ನು, ಜಾಗ ಅಂದ್ರೆ ಎಷ್ಟೋ ಕಾಲ ಅದೇ ಬ್ಯಾರಕ್ಕಿನ ಮೂಲೇಲಿ ಒಂದು ಕಂಬಳಿ ಪರದೆ. ಲೆಕ್ಕದ ಆಚೆ ಮದುವೆಯಾದೋಳಿಗೆ ಏನೂ ಇಲ್ಲ. ಗಂಡ ಸತ್ರೆ ಕೆಲವು ತಿಂಗಳಲ್ಲಿ ರೇಷನ್ ನಿಲ್ತಿತ್ತು, ಅದಕ್ಕೇ ರಿಜಿಸ್ಟರ್‌ಗಳಲ್ಲಿ ಒಬ್ಬಳೇ ಹೆಂಗಸು ಎರಡು ಮೂರು ಸಲ ಬೇಗ ಬೇಗ ಮದುವೆ ಆಗಿರೋದು ಕಾಣುತ್ತೆ. ಅದನ್ನ ನೋಡಿ ನಗ್ಬೇಡಿ, ಹೊಟ್ಟೆಪಾಡು.

ಉಳಿದ ತೊಂಬತ್ತು ಜನಕ್ಕೆ ರೆಜಿಮೆಂಟ್ ಬಜಾರಲ್ಲೇ ಸೂಳೆಗೇರಿ, ಲಾಲ್ ಬಜಾರ್ ಅಂತ ಹೆಸರು, ಸರ್ಕಾರದ ಕಣ್ಣಳತೇಲೇ. 1864ರ ಕಂಟೋನ್ಮೆಂಟ್ ಕಾಯ್ದೆ ಬಂದ ಮೇಲೆ ಆ ಹೆಣ್ಣುಮಕ್ಕಳ ಹೆಸರು ರಿಜಿಸ್ಟರ್ ಮಾಡಿ, ಬಲವಂತದ ವೈದ್ಯಕೀಯ ಪರೀಕ್ಷೆ ಮಾಡಿ, ಕಾಯಿಲೆ ಇದ್ರೆ ಲಾಕ್ ಹಾಸ್ಪಿಟಲ್ ಅನ್ನೋ ಗುಹ್ಯರೋಗದ ಆಸ್ಪತ್ರೇಲಿ ಕೂಡಿಹಾಕ್ತಿದ್ರು. ಸೋಲ್ಜರ್‌ನ ಯಾರೂ ಕೂಡಿಹಾಕಿಲ್ಲ. ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ಥರದವರು ಗಲಾಟೆ ಮಾಡಿ 1888ರಲ್ಲಿ ಈ ವ್ಯವಸ್ಥೆನ ಕಾಗದದ ಮೇಲಾದ್ರೂ ರದ್ದು ಮಾಡಿಸಿದ್ರು. ಸೋಲ್ಜರ್ ಬಗ್ಗೆ ಕನಿಕರ ಬಂದಾಗೆಲ್ಲ ನಾನು ಈ ಭಾಗ ಇನ್ನೊಂದ್ಸಲ ಓದ್ತೀನಿ.

ಏಳು: ಸತ್ತಿದ್ದು ಯಾತರಿಂದ?

ಗುಂಡಿನಿಂದ ಅಲ್ಲ ಅನ್ನೋದು ಶಾರ್ಟ್ ಉತ್ತರ. 1863ರಲ್ಲಿ ವರದಿ ಕೊಟ್ಟ ರಾಯಲ್ ಕಮಿಷನ್ ಲೆಕ್ಕದ ಪ್ರಕಾರ ಭಾರತದಲ್ಲಿದ್ದ ಬ್ರಿಟಿಷ್ ಸೋಲ್ಜರ್‌ಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಜನ ಸಾಯ್ತಿದ್ರು. ಫ್ಲಾರೆನ್ಸ್ ನೈಟಿಂಗೇಲ್ ಈ ಅಂಕಿಗಳ ಹಿಂದೆ ಬಿದ್ದು, ನೀರು, ಚರಂಡಿ, ಕಿಕ್ಕಿರಿದ ಬ್ಯಾರಕ್ಕು ಇದೇ ಕೊಲೆಗಾರ ಅಂತ ಹಠ ಹಿಡಿದ್ಳು. ಆಮೇಲಿನ ಎತ್ತರದ, ಗಾಳಿ ಆಡೋ ದೊಡ್ಡ ವರಾಂಡದ ಬ್ಯಾರಕ್ಕುಗಳು ಈ ಗಲಾಟೆಯಿಂದ ಬಂದಿದ್ದು.

ಬೆಂಗಳೂರಿಗೇ ಸೇರಿದ ಒಂದು ಎಳೆ ಇದೆ. 1883ರಲ್ಲಿ ಇಲ್ಲಿನ ದಂಡಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್, ತನ್ನ ಬಂಗಲೆಯಲ್ಲಿ ನಿಂತ ನೀರು ಚೆಲ್ಲಿದ್ರೆ ಸೊಳ್ಳೆ ಕಮ್ಮಿ ಆಗುತ್ತೆ ಅಂತ ಗಮನಿಸಿದ, 1895ರಲ್ಲಿ ಕಾಲರಾ ಬಂದಾಗ ಊರಿನ ನೈರ್ಮಲ್ಯ ಸರಿಮಾಡೋಕೆ ಅಂತ ಮತ್ತೆ ಇಲ್ಲಿಗೇ ಕಳಿಸಿದ್ರು. ಮಲೇರಿಯಾ ಸೊಳ್ಳೆಯಿಂದ ಅಂತ ತೋರಿಸಿ ನೊಬೆಲ್ ತಗೊಂಡಿದ್ದು ಆಮೇಲೆ.

ಸಾವಿನ ರಿಜಿಸ್ಟರ್ ಓದೋಕೆ ಈ ಪದಗಳು ಗೊತ್ತಿರಲಿ: ಎಂಟೆರಿಕ್ ಫೀವರ್ ಅಂದ್ರೆ ಟೈಫಾಯ್ಡ್, ಹೀಟ್ ಅಪೊಪ್ಲೆಕ್ಸಿ ಅಂದ್ರೆ ಬಿಸಿಲು ಹೊಡೆದಿದ್ದು, ಫ್ಲಕ್ಸ್ ಅಂದ್ರೆ ಭೇದಿ, ಡೆಲಿರಿಯಂ ಟ್ರೆಮೆನ್ಸ್ ಅಂದ್ರೆ ಕುಡಿತದ ಸನ್ನಿ. ಸತ್ತೋನ ಬಟ್ಟೆ, ಪೆಟ್ಟಿಗೆ, ಬ್ರಶ್ಶು ಎಲ್ಲ ಬ್ಯಾರಕ್ಕಲ್ಲೇ ಜೊತೆಗಾರರ ಮಧ್ಯೆ ಹರಾಜು, ಬಂದ ದುಡ್ಡು ಮನೆಯವರಿಗೆ.

ಸ್ಮಶಾನ ನೋಡ್ಬೇಕಂದ್ರೆ ಶ್ರೀರಂಗಪಟ್ಟಣದ ಗ್ಯಾರಿಸನ್ ಸಿಮೆಟ್ರಿಗೆ ಹೋಗಿ, ಕಾವೇರಿ ದಡದಲ್ಲಿದೆ, ಸುಮಾರು 300 ಗೋರಿ, ಸ್ವಿಟ್ಜರ್ಲೆಂಡಿನ ಡಿ ಮ್ಯುರಾನ್ ರೆಜಿಮೆಂಟಿನೋರೂ ಅವರ ಮನೆಯವರೂ ಅಲ್ಲಿದ್ದಾರೆ. ಕಲ್ಲು ನಿಲ್ಲಿಸೋಕೆ ದುಡ್ಡು ಬೇಕು, ಆದ್ದರಿಂದ ಅಲ್ಲೂ ಕಾಣೋದು ಮುಖ್ಯವಾಗಿ ಆಫೀಸರ್‌ಗಳು. ಪ್ರೈವೇಟ್ ಆದೋನಿಗೆ ಮಣ್ಣು ಮಾತ್ರ.

ಎಂಟು: ದಾಖಲೆ ಹುಡುಕೋದು

ಮೊದಲು ಫಿಬಿಸ್, ಅಂದ್ರೆ ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ ಅವರ ಡೇಟಾಬೇಸ್, ಹುಡುಕೋಕೆ ದುಡ್ಡು ಕೊಡ್ಬೇಕಿಲ್ಲ. ಹೆಸರು ಗೊತ್ತಿಲ್ದೆ ಇದ್ರೂ ಊರ ಹೆಸರು ಹಾಕಿ ಆಡಿ ನೋಡಿ, ಇಂಗ್ಲಿಷ್‌ನಲ್ಲೇ, ಹಳೇ ಸ್ಪೆಲ್ಲಿಂಗಲ್ಲೇ: ಬ್ಯಾಂಗಲೋರ್, ಸೆರಿಂಗಪಟಮ್, ಬೆಲ್ಲಾರಿ, ಬೆಲ್ಗಾಮ್.

ರಾಜ ರಾಣಿ ರೆಜಿಮೆಂಟಿನೋನಾದ್ರೆ ಲಂಡನ್ನಿನ ಕ್ಯೂ ಅನ್ನೋ ಜಾಗದಲ್ಲಿರೋ ನ್ಯಾಷನಲ್ ಆರ್ಕೈವ್ಸ್, ಡಬ್ಲ್ಯೂಓ (ವಾರ್ ಆಫೀಸ್) 97 ಅನ್ನೋ ಸರಣಿ, ಡಿಸ್ಚಾರ್ಜ್ ಪೇಪರ್ಸ್. ಎತ್ತರ, ಕಣ್ಣಿನ ಬಣ್ಣ, ಮುಂಚೆ ಮಾಡ್ತಿದ್ದ ಕಸುಬು, ನಡತೆ, ಎಲ್ಲ ಸಿಗುತ್ತೆ. ಆದ್ರೆ ಅದರಲ್ಲಿ ಇರೋದು ಹೆಚ್ಚಾಗಿ ಬದುಕಿ ಪೆನ್ಷನ್ ತಗೊಂಡೋರು, ಇಲ್ಲೇ ಸತ್ತೋರಿಗೆ ಮಸ್ಟರ್ ರೋಲ್ ಅಂದ್ರೆ ಹಾಜರಿ ಪಟ್ಟಿ ಹುಡುಕ್ಬೇಕು, ಅದು ಡಬ್ಲ್ಯೂಓ 12. ಕಂಪನಿ ಸೋಲ್ಜರ್ ಆದ್ರೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ರೆಕಾರ್ಡ್ಸ್.

ನಾಮಕರಣ, ಮದುವೆ, ಸಾವು ಮೂರಕ್ಕೂ ಅದೇ ಲೈಬ್ರರೀಲಿ ಚರ್ಚ್ ರಿಟರ್ನ್ಸ್, ಅಂದ್ರೆ ಚರ್ಚ್ ರಿಜಿಸ್ಟರಿನ ನಕಲು, ಇದೆ, ಬಂಗಾಳ ಎನ್/1, ಮದ್ರಾಸ್ ಎನ್/2, ಬಾಂಬೆ ಎನ್/3. ಇಲ್ಲಿ ನಮ್ಮೋರು ಎಡವೋದು: ಬೆಂಗಳೂರು, ಬಳ್ಳಾರಿ ಮದ್ರಾಸಿನ ಕೆಳಗೆ, ಬೆಳಗಾವಿ ಮಾತ್ರ ಬಾಂಬೆ. ಇದು ತಿಳೀದೆ ನಾನು ಬೆಳಗಾವಿಯಲ್ಲಿ ಸತ್ತ ಒಬ್ಬ ಗನ್ನರ್‌ನ ಎರಡು ವಾರ ಮದ್ರಾಸ್ ಪಟ್ಟಿಯಲ್ಲಿ ಹುಡುಕಿದೆ. ದಂಡಿನ ಆಡಳಿತದ ಕಡತಗಳಿಗೆ ನಮ್ಮ ಕರ್ನಾಟಕ ರಾಜ್ಯ ಪತ್ರಾಗಾರಾನೂ ನೋಡಿ, 1881ರಲ್ಲಿ ಮೈಸೂರು ವಾಪಸ್ ಒಡೆಯರಿಗೆ ಕೊಟ್ಟಾಗ ದಂಡನ್ನ ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಬ್ರಿಟಿಷರು ತಮ್ಮ ಹತ್ರಾನೇ ಇಟ್ಕೊಂಡ್ರು, ಆದ್ದರಿಂದ ಊರು ಒಂದೇ ಆದ್ರೂ ಪೇಟೆ ಫೈಲು ಬೇರೆ ದಂಡಿನ ಫೈಲು ಬೇರೆ.

ಕೊನೇದು, ಕಾಗದ ಬಿಟ್ಟು ಜನರ ಹತ್ರ

ಸಂಜೆ ಗೌತಮಪುರ ಕಡೆ ಹೋಗಿ, ಫುಟ್‌ಬಾಲ್ ನಡೀತಿರುತ್ತೆ. ಸೋಲ್ಜರ್‌ಗಳು ಆಡೋದನ್ನ ಗೆರೆ ಆಚೆ ನಿಂತು ನೋಡಿ, ಹೊರಗೆ ಹೋದ ಚೆಂಡು ಎತ್ಕೊಟ್ಟು ಆಟ ಕಲಿತ ಕೇರಿಗಳಿವು. ರೋವರ್ಸ್ ಕಪ್ ಅನ್ನೋ ದೊಡ್ಡ ಫುಟ್‌ಬಾಲ್ ಟೂರ್ನಮೆಂಟನ್ನ ವರ್ಷಾನುಗಟ್ಟಲೆ ಬ್ರಿಟಿಷ್ ಪಡೆಗಳೇ ಹಂಚ್ಕೊಂಡು ತಿಂತಿದ್ವು, 1937ರಲ್ಲಿ ಅದನ್ನ ಎತ್ತಿದ ಮೊದಲ ಭಾರತೀಯ ಟೀಮು ಬೆಂಗಳೂರು ಮುಸ್ಲಿಮ್ಸ್, 1938ರಲ್ಲಿ ಮತ್ತೆ ಅವರೇ. ಬೆಂಚ್ ಮೇಲೆ ಕೂತಿರೋ ವಯಸ್ಸಾದೋರ ಪಕ್ಕ ಕೂತು, ನಿಮ್ಮ ತಾತ ಏನ್ ಕೆಲಸ ಮಾಡ್ತಿದ್ರು ಅಂತ ಒಂದೇ ಪ್ರಶ್ನೆ ಕೇಳಿ. ಬಾವರ್ಚಿ, ಧೋಬಿ, ಮೋಚಿ, ಕುದುರೆ ನೋಡ್ಕೊಳ್ಳೋನು, ಹಿಂಗೇ ಏನೋ ಒಂದು ಹೊರಗೆ ಬರುತ್ತೆ. ರೆಕಾರ್ಡ್ ಮಾಡೋ ಮುಂಚೆ ಪರ್ಮಿಷನ್ ಕೇಳಿ, ಟೀಗೆ ನೀವೇ ದುಡ್ಡು ಕೊಡಿ.